ಪಚ್ಮಢಿಯ ಪಾಠ, ಗಡಿನಾಡಿನ ಮೈದಾನ: ಸೈನಿಕ ಶಾಲೆಗಳ ಬ್ಯಾಂಡ್

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಐದನೇ ಇಯತ್ತೆ ಮುಗಿಸುವ ಹುಡುಗನಿಗೆ ಹತ್ತಿರದ ಸೈನಿಕ ಶಾಲೆ ಎಂದರೆ ವಿಜಯಪುರದ್ದು. ಆದರೆ ಈ ಶಾಲೆಗಳಲ್ಲಿ ಶೇ 67ರಷ್ಟು ಸೀಟು ಆಯಾ ರಾಜ್ಯದವರಿಗೆ, ಉಳಿದ ಶೇ 33 ಹೊರಗಿನವರಿಗೆ. ಹೀಗಾಗಿ ಉಮದಿ, ಸಂಖ, ಗುಡ್ಡಾಪುರದ ಮಕ್ಕಳು ಪಕ್ಕದ ವಿಜಯಪುರಕ್ಕೆ ಹೊರರಾಜ್ಯದವರು; ಅದಕ್ಕಿಂತ ಎಷ್ಟೋ ದೂರದ ಸಾತಾರಾಕ್ಕೆ ಸ್ವಂತದವರು. ಯಾವ ಕಡೆ ಹೋದರೂ ಪರೇಡ್ ಮೈದಾನದಲ್ಲಿ ಅವರ ಕಿವಿಗೆ ಬೀಳುವ ಬ್ಯಾಂಡ್ ಮಾತ್ರ ಒಂದೇ ಜಾತಿಯದು. ಅದು ಹೇಗೆ ಒಂದೇ ಆಯಿತು ಎಂಬುದೇ ಇಲ್ಲಿಯ ಕತೆ.

ಈ ಸೀಮೆಯಲ್ಲಿ ಪಲ್ಟನ್ ಬ್ಯಾಂಡಿನ ತವರು ಬೆಳಗಾವಿ. 1922ರ ಸೇನಾ ಪುನರ್‌ರಚನೆಯ ನಂತರ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಅಲ್ಲಿ ನೆಲೆ ನಿಂತಿತು. ಲೈಟ್ ಇನ್‌ಫಂಟ್ರಿಯಾದ್ದರಿಂದ ಅದರ ಲಾಂಛನದಲ್ಲೂ ಕಹಳೆಯೇ. 1945ರ ಕೊನೆಗೆ ಅದೇ ಊರಿನಲ್ಲಿ ಕಿಂಗ್ ಜಾರ್ಜ್ ಮಿಲಿಟರಿ ಕಾಲೇಜು ತೆರೆಯಿತು; ಮರುವರ್ಷ ಬೆಂಗಳೂರಿನಲ್ಲಿ ಇನ್ನೊಂದು. ‘ಕಾಲೇಜು’ ಎಂದು ಹೆಸರಾದರೂ ಅವು ಜವಾನರ ಮಕ್ಕಳಿಗಾಗಿ ಇದ್ದ ಶಾಲೆಗಳೇ. ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. ಪಲ್ಟನ್ನಿನ ಶಿಸ್ತು ಹೇಗೋ ಹಾಗೆ ಪಲ್ಟನ್ನಿನ ವಾದ್ಯವೂ ಶಾಲೆಯ ಅಂಗಳಕ್ಕೆ ಬಂತು. ಹುಡುಗರು ಬ್ಯಾಂಡಿಗೆ ಸೇರುವುದೂ ಸೇನೆಗೆ ಹೊಸದಲ್ಲ. ಆಜಾದ್ ಹಿಂದ್ ಫೌಜಿನ ‘ಕದಮ್ ಕದಮ್ ಬಢಾಯೇ ಜಾ’ಗೆ ರಾಗ ಕಟ್ಟಿದ ರಾಮ್ ಸಿಂಗ್ ಠಾಕುರಿ ಹುಡುಗನಾಗಿದ್ದಾಗಲೇ ಗೂರ್ಖಾ ಪಲ್ಟನ್ನಿಗೆ ಸೇರಿ ಅಲ್ಲಿಯೇ ಬ್ಯಾಂಡ್ ಕಲಿತವರು.

ಹೊಸ ಹುಡುಗನ ಕೈಗೆ ಬಹುಶಃ ಮೊದಲು ಬರುವುದು ಬ್ಯೂಗಲ್. ನೋಡಲು ಆಟಿಕೆಯಷ್ಟು ಸರಳ: ಸುತ್ತಿದ ಹಿತ್ತಾಳೆ ಕೊಳವೆ, ಒತ್ತುವ ಗುಂಡಿಯಿಲ್ಲ, ಬೆರಳಿಗೆ ಕೆಲಸವಿಲ್ಲ. ತುಟಿ ಬಿಗಿದು ಸಡಿಲಿಸುವುದರಲ್ಲೇ ಎಲ್ಲ ಅಡಗಿದೆ. ಕೊಳವೆಯ ಸಹಜ ಅನುರಣನದಿಂದ ಬರುವ ಸ್ವರಗಳಷ್ಟೇ ಅದಕ್ಕೆ ಸಾಧ್ಯ. ನಮ್ಮ ಲೆಕ್ಕದಲ್ಲಿ ಷಡ್ಜ, ಗಾಂಧಾರ, ಪಂಚಮ, ಬೇರೆ ಬೇರೆ ಸ್ಥಾಯಿಗಳಲ್ಲಿ ಒಟ್ಟು ಐದು. ಏಳುವ ಕರೆ, ಸಂಜೆ ಧ್ವಜ ಇಳಿಸುವ ‘ರಿಟ್ರೀಟ್’, ಹುತಾತ್ಮರಿಗೆ ಸಲ್ಲುವ ‘ಲಾಸ್ಟ್ ಪೋಸ್ಟ್’ ಎಲ್ಲವೂ ಆ ಐದರಲ್ಲೇ ಮುಗಿಯಬೇಕು. ತುಟಿ ದಣಿದರೆ ಮೇಲಿನ ಪಂಚಮ ಹತ್ತುವುದಿಲ್ಲ, ಅರ್ಧಕ್ಕೆ ಒಡೆಯುತ್ತದೆ. ಮೈದಾನ ತುಂಬ ಜನ ಇರುವಾಗಲೇ ಒಡೆಯುತ್ತದೆ.

ಡ್ರಮ್ಮಿನ ನಿಯಮ ಇನ್ನೂ ಕಟ್ಟುನಿಟ್ಟು. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೇ ಬೀಳಬೇಕು. ‘ತೇಜ್ ಚಲ್’ ಎಂದೊಡನೆ ನಿಮಿಷಕ್ಕೆ ಸುಮಾರು 120 ಹೆಜ್ಜೆ. ಮುಂದೆ ನಡೆಯುವ ಡ್ರಮ್ ಮೇಜರ್ ಬಾಯಿ ಬಿಡುವುದಿಲ್ಲ; ಕೈಯ ಮೇಸ್ ಎತ್ತಿ ಇಳಿಸಿದ್ದೇ ಅಪ್ಪಣೆ. ಸಂಗೀತ ಇಲ್ಲಿ ಕಾಲಿನ ಚಾಕರಿಯಲ್ಲಿದೆ. ಇದನ್ನು ಕೀಳೆಂದು ನೋಡುವ ಸಂಗೀತಗಾರರಿದ್ದಾರೆ. ಮುನ್ನೂರು ಮಕ್ಕಳನ್ನು ಒಂದೇ ಲಯದಲ್ಲಿ ನಡೆಸಿ ನೋಡಿದ ಮೇಲೆ ಅವರು ಮಾತಾಡಲಿ.

ಸ್ವಾತಂತ್ರ್ಯ ಬಂದಾಗ ಕಲಿಸುವವರ ಪ್ರಶ್ನೆ ಎದುರಾಯಿತು. ಅಲ್ಲಿಯವರೆಗೆ ಬ್ಯಾಂಡ್ ಮಾಸ್ತರರ ಗುರುಪೀಠ ಇಂಗ್ಲೆಂಡಿನ ನೆಲ್ಲರ್ ಹಾಲ್. ಮಹಾದಂಡನಾಯಕರಾಗಿದ್ದ ಕೊಡಗಿನ ಕೆ.ಎಂ. ಕಾರಿಯಪ್ಪನವರ ಕಾಲದಲ್ಲಿ, 1950ರಲ್ಲಿ, ಮಧ್ಯಪ್ರದೇಶದ ಪಚ್ಮಢಿಯಲ್ಲಿ ಸೇನೆಯದೇ ಸಂಗೀತ ಶಾಲೆ ಶುರುವಾಯಿತು. ನನ್ನ ಮಟ್ಟಿಗೆ ಈ ಇತಿಹಾಸದ ನಿಜವಾದ ತಿರುವು ಇದೇ. 1961ರಲ್ಲಿ ಸಾತಾರಾ, 1963ರ ಸೆಪ್ಟೆಂಬರಿನಲ್ಲಿ ವಿಜಯಪುರ ಸೈನಿಕ ಶಾಲೆ ಹುಟ್ಟಿದ್ದು ಇದಾದ ಮೇಲೆ. ಇವತ್ತಿಗೂ ಸೈನಿಕ ಶಾಲೆಗಳು ಬ್ಯಾಂಡ್ ಮಾಸ್ತರರಿಗಾಗಿ ಕೊಡುವ ಜಾಹೀರಾತುಗಳಲ್ಲಿ ಪಚ್ಮಢಿಯ ಕೋರ್ಸನ್ನೇ ಅರ್ಹತೆಯಾಗಿ ಕೇಳುತ್ತವೆ. ಸಾತಾರಾಕ್ಕೂ ವಿಜಯಪುರಕ್ಕೂ ಒಂದೇ ಧಾಟಿ ಬಂದದ್ದು ಹೀಗೆ.

ಶಾಲಾ ಬ್ಯಾಂಡಿನ ಪರಂಪರೆ ಎಂದಾಗ ನಾವು ಸಾಮಾನ್ಯವಾಗಿ ಮಕ್ಕಳನ್ನು ಹೊಗಳುತ್ತೇವೆ. ಆದರೆ ಆರನೇ ತರಗತಿಗೆ ಬಂದವನು ಹನ್ನೆರಡು ಮುಗಿಸಿ ಹೊರಟುಹೋಗುತ್ತಾನೆ. ಅವನು ಸೈಡ್ ಡ್ರಮ್ಮಿನಲ್ಲಿ ಪಳಗುವ ಹೊತ್ತಿಗೆ ಬೋರ್ಡ್ ಪರೀಕ್ಷೆ, ಎನ್‌ಡಿಎ ತಯಾರಿ ಎದುರು ನಿಂತಿರುತ್ತವೆ. ಪ್ರತಿವರ್ಷ ಅರ್ಧಂಬರ್ಧ ಕಲಿತ ಹೊಸಬರಿಂದ ಬ್ಯಾಂಡನ್ನು ಮತ್ತೆ ಕಟ್ಟುವವನು ಮಾಸ್ತರ, ಅವನು ಹೆಚ್ಚಾಗಿ ನಿವೃತ್ತ ಫೌಜಿ. ಆ ಹುದ್ದೆಯೇ ಎಷ್ಟೋ ಸಲ ಗುತ್ತಿಗೆಯದು. ಪರಂಪರೆಯನ್ನು ಹೊರುವವನನ್ನು ಗುತ್ತಿಗೆಯ ಮೇಲೆ ಇಟ್ಟುಕೊಳ್ಳುವ ಈ ಏರ್ಪಾಡು ನನಗೆ ಅರ್ಥವಾಗಿಲ್ಲ.

ನುಡಿಸುವುದೂ ಬದಲಾಗಿದೆ. ಬ್ರಿಟಿಷ್ ಮಾರ್ಚ್‌ಗಳ ಜಾಗಕ್ಕೆ ಭಾರತೀಯ ಧುನ್‌ಗಳು ನಿಧಾನವಾಗಿ ಬಂದವು. ದಿಲ್ಲಿಯ ಬೀಟಿಂಗ್ ರಿಟ್ರೀಟಿನಲ್ಲಿ ‘ಅಬೈಡ್ ವಿತ್ ಮಿ’ ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಸೇರಿಸಿದ್ದು 2022ರಲ್ಲಿ. ಸ್ಕಾಟಿಷ್ ಪಲ್ಟನ್‌ಗಳಿಂದ ಬಂದ ಬ್ಯಾಗ್‌ಪೈಪ್ ಮಾತ್ರ ಹೋಗಲಿಲ್ಲ. ನಮ್ಮ ಕಡೆಯವರಿಗೆ ಅದು ಪರಕೀಯ ಅನ್ನಿಸದಿರಲು ಕಾರಣವಿದೆ: ಸನಾದಿಯ ಹಿಂದೆ ಒಬ್ಬ ಸುರ್ ಹಿಡಿದು ನಿಂತಂತೆ, ಅದರ ಮೂರು ಕೊಳವೆಗಳು ಎಡೆಬಿಡದೆ ಶ್ರುತಿ ಹಿಡಿದಿರುತ್ತವೆ.

ಇಲ್ಲಿಯವರೆಗಿನ ಕತೆ ಹುಡುಗರದು. ಹೆಣ್ಣುಮಕ್ಕಳ ಪಾಲಿಗೆ ಕಿತ್ತೂರಿನ ರಾಣಿ ಚೆನ್ನಮ್ಮ ವಸತಿ ಶಾಲೆ 1969ರಲ್ಲೇ ಬಾಗಿಲು ತೆರೆಯಿತು. ಸೈನಿಕ ಶಾಲೆಗಳು ಅವರನ್ನು ಎಲ್ಲೆಡೆ ಸೇರಿಸಿಕೊಂಡದ್ದು 2021–22ರಿಂದ, ಅಂದರೆ ಅರ್ಧ ಶತಮಾನ ತಡವಾಗಿ.

ಸೈನಿಕ ಶಾಲೆಗೆ ಹೋಗದವರ ಜತ್ತದಲ್ಲೂ ಈ ಬ್ಯಾಂಡಿನ ನೆರಳು ಇದೆ. ಜನವರಿ 26, ಆಗಸ್ಟ್ 15ರ ಪ್ರಭಾತ್ ಫೇರಿಗೆ ಜಿಲ್ಲಾ ಪರಿಷತ್ ಶಾಲೆಗಳು ಡ್ರಮ್ ಸೆಟ್ ಹೊರತೆಗೆಯುತ್ತವೆ. ಅದಿಲ್ಲದ ಕಡೆ ಹಲಗಿಯ ಪೆಟ್ಟಿಗೆ ಲೇಜಿಮ್. ಕಾಲು, ಸೊಂಟ, ಕೈ ಮೂರನ್ನೂ ತಾಳಕ್ಕೆ ಕಟ್ಟುವ ಲೇಜಿಮ್ ಕಸರತ್ತಿನಲ್ಲೂ ಲಯದಲ್ಲೂ ಯಾವ ಮಾರ್ಚ್‌ಗೂ ಕಡಿಮೆಯಲ್ಲ. ಆದರೆ ಗಣರಾಜ್ಯೋತ್ಸವದ ಅಂಗವಾಗಿ ನಡೆಯುವ ರಾಷ್ಟ್ರೀಯ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಹುಡುಗರ ಬ್ರಾಸ್, ಹುಡುಗಿಯರ ಬ್ರಾಸ್, ಹುಡುಗರ ಪೈಪ್, ಹುಡುಗಿಯರ ಪೈಪ್ ಎಂಬ ನಾಲ್ಕೇ ವಿಭಾಗ. ಹಲಗಿ ಹಿಡಿದವರು ಅಲ್ಲಿಗೆ ಹೋಗಬೇಕಾದರೆ ವಾದ್ಯವನ್ನೇ ಬದಲಿಸಬೇಕು.