ಒಂದು ಪಿಟೀಲು ಮಟ್ಟಿನ ಕಥೆ

ಪಿಟೀಲು ಕಲಿಯುವ ಮಕ್ಕಳಿಗೆ ಸರಳೆ, ಜಂಟಿವರಸೆಗಳು ಸಾಕುಸಾಕಾಗುವ ಹೊತ್ತಿಗೆ ಕೆಲವು ಮೇಷ್ಟ್ರುಗಳು ಒಂದು ನೊಟ್ಟುಸ್ವರ ಕೊಡುತ್ತಾರೆ. ‘ಸ ಸ ರಿ, ನಿ ಸ ರಿ’ ಎಂದು ಹೊರಟು ಮೂರು ಮೂರು ಎಣಿಕೆಯಲ್ಲಿ ನಡೆಯುವ ಪುಟ್ಟ ಮಟ್ಟು ಅದು. ಸಾಹಿತ್ಯ ‘ಸಂತತಂ ಪಾಹಿ ಮಾಂ’, ರಾಗ ಶಂಕರಾಭರಣ, ರಚಿಸಿದವರು ಮುತ್ತುಸ್ವಾಮಿ ದೀಕ್ಷಿತರು. ಮಗು ಇದನ್ನು ದೇವರ ಮುಂದೆ ನುಡಿಸಿದರೆ ಮನೆಯ ಹಿರಿಯರು ಕೈಮುಗಿಯುತ್ತಾರೆ. ಅದೇ ಮಟ್ಟನ್ನು ಲಂಡನ್ನಿನಲ್ಲಿ ನುಡಿಸಿದರೆ ಅಲ್ಲಿಯ ಜನ ಎದ್ದು ನಿಲ್ಲುತ್ತಾರೆ. ಅವರಿಗೆ ಅದು ‘ಗಾಡ್ ಸೇವ್ ದ ಕಿಂಗ್’, ರಾಷ್ಟ್ರಗೀತೆ.

ಈ ಮಟ್ಟನ್ನು ಮೊದಲು ಕಟ್ಟಿದವರು ಯಾರೆಂಬುದು ಇಂಗ್ಲೆಂಡಿನಲ್ಲೂ ಇತ್ಯರ್ಥವಾಗಿಲ್ಲ. ಅಚ್ಚಿನಲ್ಲಿ ಅದು ಕಾಣಿಸುವುದು 1744ರ ಸುಮಾರಿಗೆ. ಮರುವರ್ಷ ಸ್ಕಾಟ್ಲೆಂಡಿನಲ್ಲಿ ದಂಗೆಯೆದ್ದು ಎರಡನೆಯ ಜಾರ್ಜನ ಸಿಂಹಾಸನ ಅಲುಗಾಡತೊಡಗಿದಾಗ, ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಥಾಮಸ್ ಆರ್ನ್ ಎಂಬ ಸಂಗೀತಗಾರ ಅದನ್ನು ಹೊಂದಿಸಿ ಹಾಡಿಸಿದ. ಹಾಗೆ ನೋಡಿದರೆ ಅದು ಗೆದ್ದವರ ಗತ್ತಿನ ಹಾಡಾಗಿ ಹೆಸರು ಮಾಡಿದ್ದಲ್ಲ, ಹೆದರಿದವರ ಮೊರೆಯಾಗಿ. ಆಮೇಲೆ ಅದು ಸುಮ್ಮನೆ ಕೂರಲಿಲ್ಲ. ಪ್ರಷ್ಯದವರು ತಮ್ಮ ದೊರೆಯನ್ನು ಹೊಗಳಲು ಅದನ್ನೇ ಎತ್ತಿಕೊಂಡರು. 1831ರಲ್ಲಿ ಅಮೆರಿಕದವರು ತಮ್ಮ ದೇಶಭಕ್ತಿಗೂ ಅದನ್ನೇ ಹಚ್ಚಿದರು, ಅದೂ ಇಂಗ್ಲೆಂಡಿನ ದೊರೆಯನ್ನು ಒದ್ದೋಡಿಸಿದ ಮೇಲೆ! ಸ್ವಿಟ್ಜರ್ಲೆಂಡ್ 1961ರ ತನಕ ಅದನ್ನು ಇಟ್ಟುಕೊಂಡಿತ್ತು. ಬೀಥೋವನ್ ಅದರ ಮೇಲೆ ಪಿಯಾನೊ ಪಲುಕುಗಳನ್ನು ಹೆಣೆದ.

ನಮ್ಮ ಕಡೆಗೆ ಅದು ಬಂದದ್ದು ಮದರಾಸಿನ ಮೂಲಕ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ರಾಮಸ್ವಾಮಿ ದೀಕ್ಷಿತರ ಕುಟುಂಬ ತಿರುವಾರೂರು ಬಿಟ್ಟು ಮದರಾಸಿನ ಹತ್ತಿರದ ಮಣಲಿಯಲ್ಲಿ ಮೊದಲಿಯಾರ್ ಮನೆತನದ ಆಶ್ರಯದಲ್ಲಿತ್ತು. ಮೊದಲಿಯಾರರಿಗೆ ಕಂಪನಿಯವರೊಂದಿಗೆ ವ್ಯವಹಾರ. ಅವರು ದೀಕ್ಷಿತರ ಮಕ್ಕಳನ್ನು ಸೇಂಟ್ ಜಾರ್ಜ್ ಕೋಟೆಗೆ ಕರೆದೊಯ್ದು ಸೈನ್ಯದ ಬ್ಯಾಂಡು ಕೇಳಿಸುತ್ತಿದ್ದರಂತೆ. ಕಿರಿಯ ಬಾಲುಸ್ವಾಮಿಗೆ ಪಿಟೀಲಿನ ಮೇಲೆ ಮನಸ್ಸಾಯಿತು. ಮೊದಲಿಯಾರರು ಯುರೋಪಿಯನ್ ಮೇಷ್ಟ್ರೊಬ್ಬನನ್ನು ಗೊತ್ತುಮಾಡಿ ಮೂರು ವರ್ಷ ಪಾಠ ಹೇಳಿಸಿದರು. ನಿಂತು ಗದ್ದಕ್ಕೆ ಒತ್ತಿ ನುಡಿಸುತ್ತಿದ್ದ ವಾದ್ಯ ನಮ್ಮವರ ಕೈಯಲ್ಲಿ ನೆಲಕ್ಕೆ ಕೂತಿತು. ತಲೆ ಬಲಪಾದದ ಮೇಲೆ ಊರಿದ್ದರಿಂದ ಎಡಗೈ ವಾದ್ಯದ ಭಾರ ಹೊರುವ ಕೆಲಸದಿಂದ ಬಿಡುಗಡೆಯಾಗಿ ಗಮಕಕ್ಕೆ ಜಾರಾಡುವಂತಾಯಿತು. ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸಿದರು. ‘ಫಿಡ್ಲ್’ ಎಂಬ ಹೆಸರು ಕೂಡ ನಮ್ಮ ನಾಲಗೆಯಲ್ಲಿ ಹೊರಳಿ ‘ಪಿಟೀಲು’ ಆಗಿ, ಇದು ನಮ್ಮದೇ ಮಾತೇನೋ ಎನ್ನುವ ಹಾಗೆ ನಿಂತಿತು.

ತಮ್ಮ ಪಿಟೀಲಿನಲ್ಲಿ ಬಾರಿಸುತ್ತಿದ್ದ ಮಟ್ಟುಗಳಿಗೆ ಅಣ್ಣ ಸಂಸ್ಕೃತ ಸಾಹಿತ್ಯ ಕೂಡಿಸಿದರು. ಇಂಗ್ಲಿಷಿನ ‘ನೋಟ್’ ಸೇರಿ ಇವು ನೊಟ್ಟುಸ್ವರಗಳಾದವು. ಒಟ್ಟು ನಲವತ್ತರ ಆಸುಪಾಸು. ಎಲ್ಲವೂ ಶಂಕರಾಭರಣದ ಸ್ವರಗಳಲ್ಲೇ ಇವೆ, ಏಕೆಂದರೆ ಪಾಶ್ಚಾತ್ಯರ ಮೇಜರ್ ಸ್ಕೇಲಿಗೆ ನಮ್ಮಲ್ಲಿ ಸರಿಹೊಂದುವ ಮನೆ ಅದೇ. ‘ವಂದೇ ಮೀನಾಕ್ಷಿ’ಯ ಹಿಂದೆ ಐರ್ಲೆಂಡಿನ ‘ಲಿಮೆರಿಕ್’ ಇದೆ. ‘ಶ್ಯಾಮಲೇ ಮೀನಾಕ್ಷಿ’ ಎಂಬುದನ್ನು ಇಂದಿನ ಕಾನ್ವೆಂಟ್ ಮಗುವಿನ ಮುಂದೆ ಹಾಡಿದರೆ ‘ಟ್ವಿಂಕಲ್ ಟ್ವಿಂಕಲ್’ ಎಂದು ದನಿಗೂಡಿಸುತ್ತದೆ. ಆದರೆ ದೀಕ್ಷಿತರು ಕೇಳಿದ್ದು ಆ ಶಿಶುಗೀತೆಯನ್ನಲ್ಲ. ಅದು ಫ್ರೆಂಚರ ಹಳೆಯ ಮಟ್ಟು. ‘ಟ್ವಿಂಕಲ್’ ಪದ್ಯ ಅದರೊಂದಿಗೆ ಅಚ್ಚಾದದ್ದು 1838ರಲ್ಲಿ, ದೀಕ್ಷಿತರು ತೀರಿಕೊಂಡು ಮೂರು ವರ್ಷವಾದ ಮೇಲೆ. ನಮ್ಮ ಮೀನಾಕ್ಷಿಯೇ ಆ ನಕ್ಷತ್ರಕ್ಕಿಂತ ಮೊದಲು ಈ ಮಟ್ಟನ್ನು ಏರಿದವಳು.

ದೀಕ್ಷಿತರು ‘ಸಂತತಂ ಪಾಹಿ ಮಾಂ’ದಲ್ಲಿ ಮಾಡಿದ ಬದಲಾವಣೆ ಮಾತ್ರ ನನ್ನನ್ನು ಬಹಳ ಕಾಡಿದೆ. ಮೂಲದಲ್ಲಿ ಪ್ರಜೆಗಳು ದೇವರನ್ನು ಕೇಳುವುದು ದೊರೆಯನ್ನು ಕಾಪಾಡು ಎಂದು. ದೀಕ್ಷಿತರು ಬೇಡುವುದು ದೇವಿಯನ್ನು, ಅದೂ ‘ಪಾಹಿ ಮಾಂ’, ನನ್ನನ್ನು ಕಾಪಾಡು ಎಂದು. ಕಾಪಾಡುವ ಮೊರೆ ಹಾಗೇ ಉಳಿಯಿತು, ನಡುವೆ ನಿಂತಿದ್ದ ದೊರೆ ಮಾತ್ರ ಸದ್ದಿಲ್ಲದೆ ಹೊರಗೆ ಹೋದ. ಅವರು ಇದನ್ನು ಬೇಕೆಂದೇ ಮಾಡಿದರೆಂದು ನಾನು ಹಟ ಹಿಡಿಯುವುದಿಲ್ಲ. ಆದರೂ ಕೋಟೆಯ ಬ್ಯಾಂಡಿನಲ್ಲಿ ಈ ಮಟ್ಟು ಯಾರ ಸಲುವಾಗಿ ಮೊಳಗುತ್ತದೆಂಬುದು ಕಂಪನಿಯ ನೆರಳಿನಲ್ಲಿ ಬಾಳಿದವರಿಗೆ ತಿಳಿಯದ್ದೇನಲ್ಲ.

ನಮ್ಮ ಸಕಲೇಶಪುರದ ಗುಡ್ಡಗಳಲ್ಲಿ ಆ ದೊರೆಯ ಹೆಸರು ಬೇರೆ ರೀತಿಯಲ್ಲಿ ಕೇಳಿಸಿತು. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲಂ ಸೀಮೆಯ ಐಗೂರಿನ ಪಾಳೆಯಗಾರ ತಲೆಬಾಗಿರಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ, ಅರಕೆರೆಯ ಕಾಡಿನ ಕೋಟೆಗೆ ಸೈನ್ಯ ನುಗ್ಗಿಸಿದ. ಫೆಬ್ರವರಿಯಲ್ಲಿ ಪಾಳೆಯಗಾರ ಸಿಕ್ಕಿಬಿದ್ದು ಗಲ್ಲಿಗೇರಿದ. ಆ ಸೈನ್ಯದ ರಾಜಗೀತೆ ಇದೇ ಮಟ್ಟು. ಅರ್ಧ ಶತಮಾನದ ಬಳಿಕ ಕಾಡು ಕಡಿದು ಕಾಫಿ ನೆಡುವ ದೊರೆಗಳು ಬಂದರು. ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿ, ಮೈಸೂರು ಸೀಮೆಯ ಕಾಡು, ಶಿಕಾರಿ, ಕಾಫಿ ಕುರಿತು 1871ರಲ್ಲೂ 1894ರಲ್ಲೂ ಪುಸ್ತಕ ಪ್ರಕಟಿಸಿದ. ಅಂಥವರ ಬಂಗಲೆಗಳಲ್ಲಿ, ಕ್ಲಬ್ಬುಗಳಲ್ಲಿ ರಾಜರ ಹುಟ್ಟುಹಬ್ಬ ಬಂತೆಂದರೆ ಗಾಜಿನ ಲೋಟ ಎತ್ತಿ ಹಾಡುವ ಹಾಡು ಇದೇ ಆಗಿತ್ತು.

ಮತ್ತೊಂದು ದಾರಿ ಮೈಸೂರಿನದು. ಪಿಟೀಲು ಪಕ್ಕವಾದ್ಯವಾಗಿ ಕಛೇರಿಗಳಲ್ಲಿ ಬೇರೂರಿದಂತೆ ಮೈಸೂರಿನ ಅರಮನೆಯೂ ಅದಕ್ಕೆ ತವರಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ತಾವೇ ಪಿಟೀಲು ಬಲ್ಲವರು. ಚೌಡಯ್ಯನವರು ಅದಕ್ಕೆ ಏಳು ತಂತಿ ಏರಿಸಿದರು. ಇತ್ತ ನಮ್ಮ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರೇ ಆಯಿತು. ಆರ್. ಕೆ. ಶ್ರೀಕಂಠನ್ (1920–2014) ಅವರೂ ಪಿಟೀಲಿನ ವೆಂಕಟರಾಮಶಾಸ್ತ್ರಿಗಳೂ ಆ ಊರಿನ ಅಣ್ಣತಮ್ಮಂದಿರು. ದೀಕ್ಷಿತರ ಕೃತಿಗಳು ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯ (1904) ಕಾಲದಿಂದ ಅಚ್ಚಿಗೆ ಬಂದು, ಕೈಯಿಂದ ಕೈಗೆ ಹೋಗಿ, ಮೇಷ್ಟ್ರುಗಳ ಜೊತೆ ಬಸ್ಸು ಹತ್ತಿ ಘಟ್ಟದ ಊರುಗಳಿಗೂ ಬಂದವು.

ಈಗ ಕೆಲವರು ನೊಟ್ಟುಸ್ವರಗಳನ್ನು ಪಾಠದಿಂದ ಕೈಬಿಟ್ಟಿದ್ದಾರೆ. ಗಮಕವಿಲ್ಲದ ಪರಕೀಯ ಮಟ್ಟು ಮಕ್ಕಳ ಕಿವಿ ಕೆಡಿಸುತ್ತದೆಂಬುದು ಒಂದು ವಾದ. ನಮ್ಮವರನ್ನು ನೇಣಿಗೇರಿಸಿದವರ ಹಾಡು ನಮಗೇಕೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಗಮಕವಿಲ್ಲದ್ದರಿಂದಲೇ ಸ್ವರಸ್ಥಾನ ತಪ್ಪಿದರೆ ಅಡಗಿಸಲು ಇಲ್ಲಿ ಎಡೆಯಿಲ್ಲ. ಆರು ತಿಂಗಳ ಮಗುವಿನ ಬೆರಳಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಯಾವುದು? ಎರಡನೆಯದನ್ನು ಹಗುರವಾಗಿ ತಳ್ಳಿಹಾಕಲಾರೆ. ಐಗೂರಿನ ದಾರಿಯಲ್ಲಿ ಹೋಗುವಾಗ ಆ ಪಾಳೆಯಗಾರನ ನೆನಪಾಗುತ್ತದೆ. ಆದರೆ ಅವನ ಕುತ್ತಿಗೆಗೆ ಹಗ್ಗ ಹಾಕಿದ್ದು ಮಟ್ಟಲ್ಲ. ಕಾಫಿಗಿಡವೂ ಹೊರಗಿನಿಂದ ಬಂದದ್ದೇ, ಅದನ್ನು ಕಿತ್ತು ಎಸೆಯೋಣ ಎಂದವರನ್ನು ಈ ಸೀಮೆಯಲ್ಲಿ ನಾನು ಕಂಡಿಲ್ಲ.

1960ರ ದಶಕದ ಕೊನೆಯಲ್ಲಿ ಆಲೂರಿನಿಂದ ವಾರಕ್ಕೆರಡು ದಿನ ಬಸ್ಸಿನಲ್ಲಿ ಬರುತ್ತಿದ್ದ ಮೇಷ್ಟ್ರೊಬ್ಬರು ನಮಗೆ ಸಕಲೇಶಪುರದ ಒಂದು ಮನೆಯ ಜಗಲಿಯಲ್ಲಿ ಪಾಠ ಹೇಳುತ್ತಿದ್ದರು. ಎಸ್ಟೇಟಿನಲ್ಲಿ ರೈಟರಾಗಿದ್ದು ನಿವೃತ್ತರಾದ ರಾಯರೊಬ್ಬರು ಮೂಲೆಯ ಬೆಂಚಿನ ಮೇಲೆ ಕೂತು ಕೇಳುವುದಿತ್ತು. ಒಂದು ದಿನ ನಾವು ನಾಲ್ಕೈದು ಮಕ್ಕಳು ಒಟ್ಟಿಗೆ ‘ಸಂತತಂ ಪಾಹಿ ಮಾಂ’ ಎತ್ತಿಕೊಂಡೆವು. ಎರಡು ಆವರ್ತವಾಗುವಷ್ಟರಲ್ಲಿ ರಾಯರು ಕೋಲೂರಿ ಎದ್ದು, ಬೆನ್ನು ನೆಟ್ಟಗೆ ಮಾಡಿ ನಿಂತುಬಿಟ್ಟರು. ನಮಗೆ ನಗು. ಮೇಷ್ಟ್ರು ಕಮಾನು ಎತ್ತಿ ನಮ್ಮನ್ನು ಗದರಿದರು.

“ಏನಾಯ್ತು ರಾಯರೇ?”

“ಏನಿಲ್ಲ ಮೇಷ್ಟ್ರೇ, ಅಭ್ಯಾಸ. ಮೂವತ್ತು ವರ್ಷ ದೊರೆ ಬಂಗಲೇಲಿ ಇದು ಕೇಳಿದ ತಕ್ಷಣ ನಿಂತ್ಕೊಂಡಿದೀನಿ. ಕಾಲು ತಾನಾಗೇ ಎದ್ದುಬಿಡ್ತು.”

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಇದು ಅಮ್ಮನೋರದು.”

ರಾಯರು ಕೂರಲಿಲ್ಲ. “ಹಾಗಾದ್ರೆ ನಿಂತೇ ಇರ್ತೀನಿ ಬಿಡಿ,” ಎಂದು ಕೋಲನ್ನು ಗೋಡೆಗೊರಗಿಸಿ ಕೈಮುಗಿದರು. ಮೇಷ್ಟ್ರು ನಮ್ಮ ಕಡೆ ತಿರುಗಿ, ಮೊದಲಿನಿಂದ ನುಡಿಸಿ ಎಂದರು.