ದೂರದ ಜೀವಲೇಖಭಂಡಾರಗಳೂ ಪ್ರಶ್ನವಿಧಿಯೂ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದವರು 2001 ಮತ್ತು 2004ರಲ್ಲಿ ನಡೆಸಿದ ಉತ್ಖನನದಿಂದ ಬೌದ್ಧ ಚೈತ್ಯವಿಹಾರಗಳ ಅವಶೇಷಗಳು ಹೊರಬಿದ್ದುವು. ಅಲ್ಲಿ ದೊರೆತ ಪುಟ್ಟ ಮಣ್ಣಿನ ಹರಕೆಯ ಸ್ತೂಪಗಳ ಗರ್ಭದಲ್ಲಿ ಅಕ್ಷರಾಂಕಿತವಾದ ಬಿಲ್ಲೆಗಳಿದ್ದುವು. ಲೇಖವನ್ನು ಓದಬಯಸುವವನು ಅದು ಇರುವೆಡೆಗೇ ಹೋಗಬೇಕು, ಇಲ್ಲವೆ ಅದರ ಪ್ರತಿಯನ್ನು ತರಿಸಿಕೊಳ್ಳಬೇಕು. ಇದು ಪ್ರಾಚೀನರ ಸ್ಥಿತಿ. ಜೀವಿಗಳ ದೇಹದೊಳಗಿನ ಲೇಖವನ್ನು ವಿಚಾರಿಸುವ ಬಯೋಇನ್‌ಫರ್ಮ್ಯಾಟಿಕ್ಸ್ ಶಾಸ್ತ್ರವೂ ಇದೇ ಸ್ಥಿತಿಯಿಂದ ಹೊರಟು, ದೂರದಿಂದಲೇ ಪ್ರಶ್ನಿಸಿ ಉತ್ತರ ಪಡೆಯುವ ವಿಧಿಗೆ ಬಂದಿದೆ. ಆ ಕ್ರಮವು ಇಲ್ಲಿ ವಿಚಾರಾರ್ಹವಾಗಿದೆ.

ಡಿ.ಎನ್.ಎ. ಎಂಬ ದ್ರವ್ಯದಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕೇ ಸಂಕೇತಗಳಿಂದ ಗುರುತಿಸಲ್ಪಡುವ ಘಟಕಗಳು ಸಾಲಾಗಿ ನಿಂತಿರುತ್ತವೆ. ಆ ಸಾಲುಗಳನ್ನು ಕೂಡಿಡಲು ಯೂರೋಪಿನಲ್ಲಿ ಎಂಬಲ್ ಭಂಡಾರವೂ (1980) ಅಮೆರಿಕದಲ್ಲಿ ಜೆನ್‌ಬ್ಯಾಂಕೂ (1982) ಏರ್ಪಟ್ಟುವು. ತರುವಾಯ ಜಪಾನಿನ ಭಂಡಾರವೂ ಇವನ್ನು ಕೂಡಿಕೊಂಡಿತು. ಮೂರೂ ತಮ್ಮ ಲೇಖಗಳನ್ನು ವಿನಿಮಯ ಮಾಡಿಕೊಳ್ಳುತ್ತ, ಲೇಖವೊಂದಕ್ಕೆ ಒಂದೇ ಅಂಕಿತಸಂಖ್ಯೆಯನ್ನು ಮಾನ್ಯಮಾಡಿದುವು. ಪ್ರೋಟೀನುಗಳ ಆಕೃತಿಗಳಿಗಾಗಿ 1971ರಲ್ಲಿಯೇ ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ ಪ್ರೋಟೀನ್ ಡಾಟಾ ಬ್ಯಾಂಕು ಸ್ಥಾಪಿತವಾಗಿದ್ದಿತು.

ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 1986–87ರಲ್ಲಿ ಒಂದು ಮಾಹಿತಿಜಾಲವನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಕೇಂದ್ರಗಳಲ್ಲೊಂದು. ಪ್ರೋಟೀನ್ ಭಂಡಾರದ ಪ್ರತಿಯೊಂದನ್ನು ಆ ಸಂಸ್ಥೆಯಲ್ಲಿಯೇ ಇರಿಸಿ ಸಂಶೋಧಕರಿಗೆ ಒದಗಿಸಲಾಯಿತು. ಆದರೆ ಮಾತೃಕೆಯು ದಿನೇ ದಿನೇ ಬೆಳೆಯುತ್ತಿರುವಲ್ಲಿ ಪ್ರತಿಯನ್ನು ಪದೇ ಪದೇ ತಿದ್ದದಿದ್ದರೆ ಅದು ಹಳತಾಗುವುದೆಂಬುದನ್ನು ಓಲೆಗರಿಗಳನ್ನು ಪರಿಶೋಧಿಸಿದವರಿಗೆ ಹೇಳಬೇಕಾದುದಿಲ್ಲ.

ಭಂಡಾರವನ್ನೇ ನೇರವಾಗಿ ಕೇಳುವುದು ಎರಡನೆಯ ಮಾರ್ಗ. ಸಾವಿರಾರು ಲೇಖಗಳನ್ನು ಒಬ್ಬನು ಒಂದೊಂದಾಗಿ ಕೇಳುವುದು ಅಸಾಧ್ಯವಾದುದರಿಂದ, ಯಂತ್ರವು ಯಂತ್ರವನ್ನು ಕೇಳಬೇಕಾಯಿತು. ಅದಕ್ಕೆ ಉಭಯಸಮ್ಮತವಾದ ಪ್ರಶ್ನವಿಧಿ, ಅರ್ಥಾತ್ ಪ್ರೋಟೋಕಾಲ್, ಬೇಕಾಯಿತು. 2000ದಲ್ಲಿ ವೆಬ್ ಒಕ್ಕೂಟಕ್ಕೆ ಒಪ್ಪಿಸಲ್ಪಟ್ಟ ‘ಸೋಪ್’ ವಿಧಿಯಲ್ಲಿ ಪ್ರಶ್ನೆಯನ್ನು ಎಕ್ಸ್.ಎಂ.ಎಲ್. ಲಕೋಟೆಯೊಳಗಿಟ್ಟು ಕಳುಹಿಸಬೇಕು. ಅದೇ ವರ್ಷ ರಾಯ್ ಫೀಲ್ಡಿಂಗ್ ತನ್ನ ಪ್ರಬಂಧದಲ್ಲಿ ನಿರೂಪಿಸಿದ ‘ರೆಸ್ಟ್’ ಕ್ರಮದಲ್ಲಿ ಲೇಖದ ವಿಳಾಸವನ್ನು ಬರೆದರೆ ಸಾಕು, ಸಾಮಾನ್ಯ ವೆಬ್ ಮಾರ್ಗದಿಂದಲೇ ಉತ್ತರವು ಬರುವುದು. ಲಾಘವವೇ ಗೆದ್ದಿತು. ಜಪಾನಿನ ‘ಕೆಗ್’ 2012ರಲ್ಲಿಯೂ ಅಮೆರಿಕದ ರಾಷ್ಟ್ರೀಯ ಭಂಡಾರವು 2015ರಲ್ಲಿಯೂ ಸೋಪನ್ನು ಕೈಬಿಟ್ಟುವು. ಲೇಖಗಳು ಇದ್ದಂತೆಯೇ ಇದ್ದುವು, ಅವುಗಳ ಅಂಕಿತಗಳೂ ಇದ್ದಂತೆಯೇ ಇದ್ದುವು. ಆದರೆ ಹಳೆಯ ವಿಧಿಯನ್ನೇ ಬಲ್ಲ ಪ್ರೋಗ್ರಾಮುಗಳಿಗೆ ಅಲ್ಲಿಂದ ಉತ್ತರವು ದೊರೆಯದಾಯಿತು. ಹೊಸ ವಿಧಿಗೂ ಮಿತಿಯುಂಟು: ಅಮೆರಿಕದ ಆ ಭಂಡಾರವನ್ನು ಅನುಮತಿಸಂಕೇತವಿಲ್ಲದವನು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಕೇಳುವಂತಿಲ್ಲ.

ಈಚೆಗೆ ವಿಷಯವು ಮತ್ತೊಂದು ಮುಖವನ್ನು ಪಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಕೂಡಿ, ಸುಮಾರು 10,000 ಭಾರತೀಯರ ಜೀನೋಮುಗಳನ್ನು ಓದಿದುವು. ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿರಿಸಿದ ಆ ಸಂಗ್ರಹವು 2025ರ ಜನವರಿ 9ರಂದು ಸಂಶೋಧಕರಿಗೆ ತೆರೆಯಲ್ಪಟ್ಟಿತು. ಆದರೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆದವರಿಗೆ ಮಾತ್ರ. ಇಲ್ಲಿಯ ಲೇಖವು ಜೀವಂತ ಮನುಷ್ಯರದು. ಅದರಲ್ಲಿ ಅವರ ರೋಗವೂ ವಂಶವೂ ಅಡಗಿವೆ.

ನಮ್ಮ ಶಾಸ್ತ್ರಗ್ರಂಥಗಳು ವಿಷಯ ಪ್ರಯೋಜನಗಳೊಡನೆ ಅಧಿಕಾರಿಯನ್ನೂ ಆರಂಭದಲ್ಲಿಯೇ ನಿರ್ದೇಶಿಸುತ್ತವೆ. ಪ್ರಶ್ನವಿಧಿಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಮಾರ್ಪಡುವುವು. ಅಂಕಿತದ ಒಪ್ಪಂದವು ಮಾತ್ರ ಲೇಖವನ್ನು ಕಳೆದುಹೋಗದಂತೆ ಕಾಯುವುದು. ಕೇಳತಕ್ಕವನು ಯಾರೆಂಬುದನ್ನು ಯಾವ ಪ್ರೋಟೋಕಾಲೂ ತಾನಾಗಿ ನಿರ್ಣಯಿಸಲಾರದು. ಆ ನಿರ್ಣಯದ ಭಾರವು ಭಂಡಾರವನ್ನು ಕಾಯುವವರ ಮೇಲೆಯೇ ಇರುತ್ತದೆ.