ದ್ವೀಪ ಬಿಟ್ಟವರು ಕಟ್ಟಿದ ದ್ವೀಪ: ಓಕಿನಾವಾದ ವಲಸೆ ಮತ್ತು ತವರಿನ ಹಂಬಲ

1900ರ ಜನವರಿ 8ರಂದು ‘ಸಿಟಿ ಆಫ್ ಚೈನಾ’ ಎಂಬ ಹಡಗು ಹೊನೊಲುಲು ಬಂದರಿಗೆ ಬಂತು. ಅದರಿಂದ ಇಳಿದ ಓಕಿನಾವಾದ 26 ಮಂದಿ ಎವಾ ಕಬ್ಬಿನ ತೋಟಕ್ಕೆ ಗುತ್ತಿಗೆ ಕೂಲಿಗಳಾಗಿ ಹೋದರು. ಓಕಿನಾವಾದಿಂದ ಹೊರದೇಶಕ್ಕೆ ಹೋದ ಮೊದಲ ತಂಡ ಅದು. ಕಳಿಸಿದವನು ಕಿನ್ ಎಂಬ ಹಳ್ಳಿಯ ತೋಯಾಮಾ ಕ್ಯೂಜೊ. ಆಗಿನ ರಾಜ್ಯಪಾಲ ನಾರಾಹಾರಾ ಶಿಗೆರು ಮೊದಲಿಗೆ ಒಪ್ಪಿರಲಿಲ್ಲ, ತೋಯಾಮಾ ಪಟ್ಟು ಬಿಡದೆ ಅನುಮತಿ ಪಡೆದ. ಇಂದು ಹೊರದೇಶಗಳಲ್ಲಿ ಓಕಿನಾವಾ ಮೂಲದವರು ಸುಮಾರು 4,20,000 ಮಂದಿ ಇದ್ದಾರೆಂದು ಅಲ್ಲಿನ ಪ್ರಾಂತ ಸರ್ಕಾರ ಅಂದಾಜಿಸುತ್ತದೆ. ಇವರೆಲ್ಲ ತಮ್ಮನ್ನು ‘ಉಚಿನಾಂಚು’ ಎಂದು ಕರೆದುಕೊಳ್ಳುತ್ತಾರೆ. ಅಂದರೆ ಓಕಿನಾವಾದವರು. ಆದರೆ ಎವಾ ತೋಟಕ್ಕೆ ಹೋದ ಆ 26 ಮಂದಿ ತಮ್ಮನ್ನು ಮೊದಲು ಗುರುತಿಸಿಕೊಂಡದ್ದು ಹಾಗೆ ಅಲ್ಲ. ಅವರು ಕಿನ್‌ನವರು, ಇನ್ನೊಂದು ಹಳ್ಳಿಯವರು, ಮತ್ತೊಂದು ಕೇರಿಯವರು. ಓಕಿನಾವಾ ಎಂಬ ಒಂದೇ ತವರು ಅವರಿಗೆ ಸಮುದ್ರ ದಾಟಿದ ಮೇಲೆ ದೊರೆಯಿತು. ಹೊರಡುವಾಗ ಗಂಟು ಕಟ್ಟಿ ತಂದ ಹಂಬಲ ಅದಲ್ಲ, ಪರದೇಶದಲ್ಲಿ ನಿಧಾನವಾಗಿ ರೂಪುಗೊಂಡದ್ದು ಎಂಬುದೇ ಈ ಲೇಖನದ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. 1429ರಲ್ಲಿ ಒಂದಾದ ರ್ಯೂಕ್ಯೂ ರಾಜ್ಯ ಚೀನಾ, ಜಪಾನ್ ಮತ್ತು ಆಗ್ನೇಯ ಏಷ್ಯಾದ ನಡುವೆ ವ್ಯಾಪಾರ ಮಾಡಿ ಬಾಳಿತು. 1609ರಲ್ಲಿ ಜಪಾನಿನ ಸತ್ಸುಮಾ ಸಂಸ್ಥಾನ ದಂಡೆತ್ತಿ ಬಂದು ಅದನ್ನು ಕೈಕೆಳಗಿಟ್ಟುಕೊಂಡಿತು. 1879ರಲ್ಲಿ ಮೇಜಿ ಸರ್ಕಾರ ಕೊನೆಯ ರಾಜ ಶೋ ತಾಯ್‌ನನ್ನು ಶುರಿ ಅರಮನೆಯಿಂದ ಇಳಿಸಿ, ದ್ವೀಪಗಳನ್ನು ಓಕಿನಾವಾ ಪ್ರಾಂತವೆಂದು ಸಾರಿತು. ವಲಸೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು 1899ರಿಂದ 1903ರವರೆಗೆ ನಡೆದ ಭೂಸುಧಾರಣೆ. ಅಲ್ಲಿಯವರೆಗೆ ಹೊಲ ಹಳ್ಳಿಗೆ ಸೇರಿತ್ತು, ಕೆಲವು ವರ್ಷಗಳಿಗೊಮ್ಮೆ ಮನೆಗಳಿಗೆ ಮರುಹಂಚಿಕೆಯಾಗುತ್ತಿತ್ತು. ಸುಧಾರಣೆಯ ನಂತರ ಹೊಲ ಖಾಸಗಿ ಆಸ್ತಿಯಾಯಿತು, ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಾಯಿತು. ಹೊಲ ಅಡವಿಟ್ಟು ಹಡಗಿನ ದುಡ್ಡು ಹೊಂದಿಸುವ ದಾರಿ ತೆರೆದದ್ದೂ ಆಗಲೇ. ಬಡತನದಿಂದಲೇ ಜನ ಹೊರಟರು ಎನ್ನುವುದು ಅರ್ಧ ಸತ್ಯ. ಬಡತನ ಮೊದಲೂ ಇತ್ತು, ಹೊರಡುವ ಅನುಕೂಲ ಇರಲಿಲ್ಲ.

ಆಮೇಲೆ ಪ್ರವಾಹ ನಿಲ್ಲಲಿಲ್ಲ. 1904ರಲ್ಲಿ ಮೆಕ್ಸಿಕೊ ಮತ್ತು ಫಿಲಿಪೀನ್ಸ್, 1906ರಲ್ಲಿ ಪೆರು. 1908ರ ಜೂನ್ 18ರಂದು ಬ್ರೆಜಿಲ್‌ನ ಸಾಂತೋಸ್ ಬಂದರಿಗೆ ಬಂದ ‘ಕಸಾತೊ ಮಾರು’ ಹಡಗಿನ 781 ಗುತ್ತಿಗೆ ವಲಸಿಗರಲ್ಲಿ 325 ಮಂದಿ ಓಕಿನಾವಾದವರು. 1899ರಿಂದ 1938ರವರೆಗೆ ಹೊರದೇಶಕ್ಕೆ ಹೋದವರು ಸುಮಾರು 72,000. ಒಸಾಕಾದ ಹತ್ತಿ ಗಿರಣಿಗಳಿಗೆ ಹೋದ ಹುಡುಗಿಯರು, ಜಪಾನಿನ ಆಡಳಿತದಲ್ಲಿದ್ದ ಸಾಯಿಪಾನ್ ಮತ್ತು ತಿನಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಿಗೆ ಹೋದವರು ಬೇರೆ. 1920ರ ದಶಕದಲ್ಲಿ ಸಕ್ಕರೆಯ ಬೆಲೆ ಕುಸಿದಾಗ, ವಿಷ ತೆಗೆಯದೆ ತಿಂದರೆ ಸಾವೇ ಗತಿ ಎನ್ನುವ ಸೈಕಡ್ ಗಿಡದ ತಿರುಳನ್ನು ಜನ ತಿನ್ನಬೇಕಾಗಿ ಬಂತು. ಆ ಕಾಲಕ್ಕೆ ‘ಸೊತೆತ್ಸು ನರಕ’ ಎಂದೇ ಹೆಸರು ಬಿತ್ತು. ಆಗ ಊರನ್ನು ಹಿಡಿದು ನಿಲ್ಲಿಸಿದ್ದು ಹೊರಗಿನಿಂದ ಬರುತ್ತಿದ್ದ ಹಣ.

ಹೋದ ಕಡೆಯಲ್ಲೆಲ್ಲ ಅವರು ಮೊದಲು ಕಟ್ಟಿಕೊಂಡದ್ದು ಹಳ್ಳಿಯ ಸಂಘಗಳನ್ನು. ಒಂದೇ ಹಳ್ಳಿಯವರು ಸೇರಿ ‘ಮೊಆಯ್’ ನಡೆಸುತ್ತಿದ್ದರು. ನಮ್ಮಲ್ಲಿ ಚೀಟಿ ಹಾಕುವ ಹಾಗೆಯೇ ಪ್ರತಿಯೊಬ್ಬರೂ ತಿಂಗಳಿಗಿಷ್ಟು ಹಾಕಿ, ಸರದಿಯಂತೆ ಒಬ್ಬರು ಮೊತ್ತ ಎತ್ತುವುದು. ಅದರಿಂದ ಅಂಗಡಿ ತೆರೆದರು, ಹೋಟೆಲು ಇಟ್ಟರು, ಹೆಂಡತಿಯನ್ನು ಕರೆಸಿಕೊಂಡರು. ಹವಾಯಿಯಲ್ಲಿ ಇಂಥ ಊರ ಸಂಘಗಳು ಈಗಲೂ ಹತ್ತಾರು ಇವೆ. 1951ರಲ್ಲಿ ಅವೆಲ್ಲ ಒಂದು ಒಕ್ಕೂಟದಡಿ ಸೇರಿದವು. ಮೊದಲ ತಂಡ ಹೋಗಿ ಐವತ್ತು ವರ್ಷವಾದ ಮೇಲೆ ಎಂಬುದನ್ನು ಗಮನಿಸಬೇಕು.

ಹಳ್ಳಿಯ ಗುರುತು ಓಕಿನಾವಾದ ಗುರುತಾಗಲು ಮೊದಲ ಒತ್ತಡ ಬಂದದ್ದು ಹೊರಗಿನಿಂದ, ಅದೂ ಅವಮಾನದ ರೂಪದಲ್ಲಿ. ಹವಾಯಿಯಲ್ಲಿ ಅವರಿಗಿಂತ ಮೊದಲೇ ಬಂದಿದ್ದ ಮುಖ್ಯ ಜಪಾನಿನವರು, ಅಂದರೆ ‘ನೈಚಿ’ಗಳು, ಇವರನ್ನು ತಮ್ಮವರೆಂದು ಒಪ್ಪಲಿಲ್ಲ. ಮಾತು ತಿಳಿಯುತ್ತಿರಲಿಲ್ಲ, ಹೆಸರು ವಿಚಿತ್ರವೆನಿಸುತ್ತಿತ್ತು. ಹೋಟೆಲುಗಳ ಎಂಜಲು ತಂದು ಹಂದಿ ಸಾಕುತ್ತಿದ್ದರೆಂದು ನೈಚಿ ಮಕ್ಕಳು ಬೀದಿಯಲ್ಲಿ ಗೇಲಿಪದ ಕಟ್ಟಿ ಹಾಡುತ್ತಿದ್ದರು. ಹೆಂಗಸರ ಅಂಗೈ ಹಿಂಬದಿಯ ನೀಲಿ ಹಚ್ಚೆ, ‘ಹಾಜಿಚಿ’, ಇನ್ನೊಂದು ಗುರುತಾಯಿತು. ಊರಲ್ಲಿ ಅದು ಹೆಣ್ಣು ಪ್ರಾಯಕ್ಕೆ ಬಂದದ್ದರ, ಮದುವೆಯಾದದ್ದರ ಹೆಮ್ಮೆಯ ಚಿಹ್ನೆ. 1899ರಲ್ಲೇ ಸರ್ಕಾರ ಅದನ್ನು ನಿಷೇಧಿಸಿತ್ತು, ವಲಸೆ ಹೋದ ಅನೇಕ ಹೆಂಗಸರು ಕೈ ಮುಚ್ಚಿಕೊಂಡೇ ಬಾಳಿದರು. ಒಸಾಕಾದ ಕೆಲವು ಬಾಡಿಗೆ ಮನೆಗಳ ಮುಂದೆ ಕೊರಿಯನ್ನರಿಗೂ ರ್ಯೂಕ್ಯೂದವರಿಗೂ ಮನೆ ಕೊಡುವುದಿಲ್ಲ ಎಂಬ ಹಲಗೆಗಳು ನೇತಾಡುತ್ತಿದ್ದವು. 1903ರಲ್ಲಿ ಅದೇ ಒಸಾಕಾದ ಕೈಗಾರಿಕಾ ಪ್ರದರ್ಶನದ ‘ಮಾನವಕುಲ ಮಂಟಪ’ದಲ್ಲಿ ಐನು, ತೈವಾನಿನ ಆದಿವಾಸಿ ಮುಂತಾದವರ ಜತೆ ಓಕಿನಾವಾದ ಹೆಂಗಸರನ್ನೂ ಕೂರಿಸಿ ಜನರಿಗೆ ತೋರಿಸಲಾಗಿತ್ತು. ಓಕಿನಾವಾದ ಪತ್ರಿಕೆ ಪ್ರತಿಭಟಿಸಿತು. ಆದರೆ ಅದರ ಸಿಟ್ಟಿನಲ್ಲಿ, ನಮ್ಮನ್ನು ಐನುಗಳ ಸಾಲಿನಲ್ಲಿ ಕೂರಿಸಿದಿರಲ್ಲ ಎಂಬ ಧಾಟಿಯೂ ಇತ್ತು. ಮೇಲಿನವರ ತಿರಸ್ಕಾರ ಕೆಳಗಿನವರ ಮೇಲೆ ಹರಿಯುವುದು ಹೊಸತೇನಲ್ಲ.

ಹೀಗಾಗಿ ತವರಿನ ನೆನಪು ಮೊದಲ ತಲೆಮಾರಿನಲ್ಲಿ ಬಾಗಿಲು ಮುಚ್ಚಿದ ಮನೆಯೊಳಗಿನ ಸಂಗತಿಯಾಗಿತ್ತು. ಅನೇಕರು ಅಡ್ಡಹೆಸರಿನ ಉಚ್ಚಾರವನ್ನೇ ಜಪಾನೀ ರೀತಿಗೆ ತಿರುಗಿಸಿಕೊಂಡರು. ಹೊರಗೆ ನಾಲಿಗೆ ಕಟ್ಟಿದಷ್ಟೂ ಒಳಗೆ ಹಾಡು ಬೇಕಾಯಿತು. ಆ ಬೇಡಿಕೆಯನ್ನು ಸರಿಯಾಗಿ ಅರಿತವನು ಫುಕುಬಾರು ಚೋಕಿ. 1903ರಲ್ಲಿ ಹುಟ್ಟಿದ ಈತ ಕೆಲಸ ಹುಡುಕಿಕೊಂಡು ಒಸಾಕಾಕ್ಕೆ ಬಂದು, 1927ರಲ್ಲಿ ಅಲ್ಲೇ ‘ಮಾರುಫುಕು’ ಎಂಬ ರೆಕಾರ್ಡ್ ಕಂಪನಿ ತೆರೆದ. ತಾನೇ ಸಾನ್ಶಿನ್ ನುಡಿಸುತ್ತಿದ್ದ, ಹಾಡುತ್ತಿದ್ದ, ಹೊಸ ಹಾಡು ಕಟ್ಟುತ್ತಿದ್ದ. ಹೆಬ್ಬಾವಿನ ಚರ್ಮ ಹೊದಿಸಿದ, ಮೂರೇ ತಂತಿಯ ಈ ವಾದ್ಯ ಒಂದು ಕಾಲಕ್ಕೆ ರ್ಯೂಕ್ಯೂ ಆಸ್ಥಾನದ್ದು. ಈಗ ಅದು ಗಿರಣಿ ಕೂಲಿಯ ಕೋಣೆಗೆ ಬಂದಿತ್ತು. ಚೋಕಿಯ ಹೆಸರಾಂತ ರಚನೆಗಳಲ್ಲಿ ‘ಇಮಿನ್ ಕೊಉತಾ’ ಒಂದು, ವಲಸೆ ಹೋದವರ ಹಾಡು. ಓಕಿನಾವಾದ ಜನಪದ ಸಂಗೀತದ ಆಧುನಿಕ ಇತಿಹಾಸ ಬರೆಯುವವರು ನಾಹಾ ಪಟ್ಟಣದಿಂದಲ್ಲ, ಒಸಾಕಾದಿಂದ ಶುರುಮಾಡುವುದು ಲೇಸು. ಊರಿನಲ್ಲಿ ಹಾಡಿಗೆ ಸಂದರ್ಭವಿತ್ತು: ಸುಗ್ಗಿ, ಹಬ್ಬ, ಹರೆಯದವರು ರಾತ್ರಿ ಬಯಲಲ್ಲಿ ಕೂಡುವ ‘ಮೊಆಶಿಬಿ’. ತಟ್ಟೆಯಲ್ಲಿ ಅಚ್ಚಾದ ಹಾಡಿಗೆ ಅವೊಂದೂ ಬೇಕಿರಲಿಲ್ಲ, ಬೇಕಿದ್ದದ್ದು ಊರಿನಿಂದ ದೂರವಿರುವ ಕೇಳುಗ. ಬೇರೆ ಬೇರೆ ಹಳ್ಳಿಗಳವರು ಒಂದೇ ತಟ್ಟೆ ಕೇಳಿ ಒಂದೇ ಊರಿಗಾಗಿ ಮರುಗಲು ಆಗ ಸಾಧ್ಯವಾಯಿತು. ಚೋಕಿಯ ದತ್ತುಮಗ ತ್ಸುನೆಒ ಹುಟ್ಟಿದ್ದೂ ಒಸಾಕಾದಲ್ಲೇ. ಇಂದು ಓಕಿನಾವಾದ ನಾಡಗೀತೆಯಂತೆ ಹಾಡುವ ‘ಬಾಶೋಫು’ವಿಗೆ ರಾಗ ಹಾಕಿದವನು ಈತ.

1945ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಓಕಿನಾವಾ ಕಾಳಗದಲ್ಲಿ ಎರಡೂ ಕಡೆಯ ಸೈನಿಕರೂ ನಾಗರಿಕರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ದ್ವೀಪದ ನಾಲ್ವರಲ್ಲಿ ಒಬ್ಬರು ಉಳಿಯಲಿಲ್ಲ. ಶುರಿ ಅರಮನೆ, ದಾಖಲೆಗಳು, ದನಕರು, ಹಂದಿ ಎಲ್ಲ ನಾಶವಾದವು. ಬದುಕುಳಿದವರನ್ನು ಅಮೆರಿಕನ್ನರು ಶಿಬಿರಗಳಲ್ಲಿ ಕೂಡಿಹಾಕಿದರು. ಅಲ್ಲಿ ಖಾಲಿ ಡಬ್ಬಕ್ಕೆ ಮರದ ಹಿಡಿ ಸಿಕ್ಕಿಸಿ, ಪ್ಯಾರಾಶೂಟಿನ ದಾರ ಬಿಗಿದು ಸಾನ್ಶಿನ್ ಮಾಡಿಕೊಂಡರು. ‘ಕಂಕಾರಾ ಸಾನ್ಶಿನ್’ ಎಂದು ಇಂದು ಅಂಗಡಿಗಳಲ್ಲಿ ಮಾರುವುದು ಅದನ್ನೇ.

ಹವಾಯಿಯಲ್ಲಿ ಹುಟ್ಟಿ, ಬಾಲ್ಯವನ್ನು ಓಕಿನಾವಾದಲ್ಲಿ ಕಳೆದ ಹಿಗಾ ತಾರೊ ಅಮೆರಿಕದ ಸೈನಿಕನಾಗಿ ಆ ಯುದ್ಧಭೂಮಿಗೆ ಬಂದಿದ್ದ. ಗುಹೆಗಳಲ್ಲಿ ಅಡಗಿ ಸಾಯಲು ಸಿದ್ಧರಾಗಿದ್ದವರನ್ನು ಊರಿನ ಭಾಷೆಯಲ್ಲೇ ಕೂಗಿ ಹೊರಗೆ ಕರೆದ. ಶಾಲೆಯಲ್ಲಿ ಆ ಭಾಷೆ ಆಡಿದ ಮಕ್ಕಳ ಕೊರಳಿಗೆ ಶಿಕ್ಷೆಯ ಹಲಗೆ ತೂಗುಹಾಕುತ್ತಿದ್ದ ಕಾಲ ಇನ್ನೂ ಮುಗಿದಿರಲಿಲ್ಲ. ಆಮೇಲೆ ಹವಾಯಿಗೆ ಮರಳಿ, ಕಂಡದ್ದನ್ನು ಊರೂರಿಗೆ ಹೋಗಿ ಹೇಳಿದ. ಬಟ್ಟೆಬರೆ ಕೂಡಿಸಿದರು, ಹಣ ಕೂಡಿಸಿದರು. ಆದರೆ ಹೆಸರಾದದ್ದು ಹಂದಿಯ ಕಥೆ. ಸುಮಾರು 50,000 ಡಾಲರ್ ಒಟ್ಟುಮಾಡಿ ಅಮೆರಿಕದಲ್ಲಿ 550 ಹಂದಿಗಳನ್ನು ಕೊಂಡರು. 1948ರ ಆಗಸ್ಟ್ ಕೊನೆಯಲ್ಲಿ ಪೋರ್ಟ್‌ಲ್ಯಾಂಡಿನಿಂದ ಸೇನೆಯ ‘ಓವೆನ್’ ಹಡಗು ಹೊರಟಿತು, ಜತೆಗೆ ಹವಾಯಿಯ ಓಕಿನಾವಾ ಮೂಲದ ಏಳು ಮಂದಿ. ಬಿರುಗಾಳಿಯಲ್ಲಿ ಡೆಕ್ಕಿನ ಮೇಲಿನ ದೊಡ್ಡಿಗಳು ಮುರಿದವು, ಹಂದಿಗಳು ಚೆಲ್ಲಾಪಿಲ್ಲಿಯಾದವು, ಹಡಗು ಹಿಂದಿರುಗಿ ದೊಡ್ಡಿ ಸರಿಮಾಡಿಕೊಂಡು ಮತ್ತೆ ಹೊರಟಿತು. ಸೆಪ್ಟೆಂಬರ್ 27ರಂದು ಓಕಿನಾವಾ ತಲುಪಿದವು 536. ಅವುಗಳ ಮರಿಗಳನ್ನು ಹಳ್ಳಿಹಳ್ಳಿಗೆ ಹಂಚಲಾಯಿತು, ಕೆಲವೇ ವರ್ಷಗಳಲ್ಲಿ ದ್ವೀಪದಲ್ಲಿ ಹಂದಿಯ ಸಂಖ್ಯೆ ಮತ್ತೆ ಲಕ್ಷ ಮುಟ್ಟಿತು. ಯಾವ ಪ್ರಾಣಿಯ ಹೆಸರಿನಲ್ಲಿ ಹವಾಯಿಯ ನೈಚಿ ಮಕ್ಕಳು ಗೇಲಿ ಮಾಡಿದ್ದರೋ ಅದೇ ಪ್ರಾಣಿಯ ಮೂಲಕ ಅವರು ಊರಿನ ಋಣ ತೀರಿಸಿದರು. ಒಂದೊಂದೇ ಹಳ್ಳಿಗೆ ಹಣ ಕಳಿಸುತ್ತಿದ್ದ ಸಂಘಗಳು ಈಗ ಇಡೀ ದ್ವೀಪಕ್ಕಾಗಿ ಕೂಡಿದ್ದವು. 1951ರ ಒಕ್ಕೂಟ ಹುಟ್ಟಿದ್ದು ಈ ನೆರವಿನ ಕೆಲಸದ ಬೆನ್ನಲ್ಲೇ.

ಇಲ್ಲೇ ಹಂಬಲದ ಸ್ವರೂಪವೂ ಬದಲಾಯಿತು. 1945ರ ಮೊದಲು ದೂರವಿದ್ದವರು ಮರಳಿ ಹೋಗಲಿಕ್ಕಿರುವ ಊರನ್ನು ನೆನೆಯುತ್ತಿದ್ದರು, ನಂತರ ನೆನೆದದ್ದು ಇಲ್ಲವಾದ ಊರನ್ನು. ಉಳಿದ ನೆಲದ ಮೇಲೂ ಸೇನಾನೆಲೆಗಳ ಬೇಲಿ ಬಿತ್ತು. ಅಮೆರಿಕದ ಆಡಳಿತ 1972ರ ಮೇ 15ರವರೆಗೆ ನಡೆಯಿತು. ಹೊಲ ಕಳೆದುಕೊಂಡವರನ್ನೂ ಯುದ್ಧಾನಂತರ ಹೊರಗಿನಿಂದ ಮರಳಿ ಬಂದು ದ್ವೀಪ ತುಂಬಿದವರನ್ನೂ 1954ರಿಂದ ಬೊಲಿವಿಯಾದ ಕಾಡಿಗೆ ಕಳಿಸಿದರು. ಮೊದಲ ನೆಲೆಯಲ್ಲಿ ಗೊತ್ತಿಲ್ಲದ ಜ್ವರಕ್ಕೆ 15 ಮಂದಿ ಸತ್ತು, ಉಳಿದವರು ಎರಡು ಬಾರಿ ಜಾಗ ಬದಲಿಸಿ, ಸಾಂತಾ ಕ್ರೂಸ್ ಬಳಿ ಕಟ್ಟಿದ ವಸಾಹತಿನ ಹೆಸರೇ ‘ಕೊಲೋನಿಯಾ ಓಕಿನಾವಾ’.

ನಾಚಿಕೆ ಹೆಮ್ಮೆಯಾದದ್ದು ಎಲ್ಲೆಡೆ ಒಂದೇ ವೇಗದಲ್ಲಲ್ಲ. 1975ರಲ್ಲಿ ಒಸಾಕಾದ ತಾಯ್ಶೊ ವಾರ್ಡಿನಲ್ಲಿ ಓಕಿನಾವಾದ ತರುಣರ ‘ಗಾಜಿಮಾರು’ ಸಂಘ ಬಹಿರಂಗವಾಗಿ ಡೋಲು ಬಡಿದು ‘ಎಯ್ಸಾ’ ಕುಣಿತ ನಡೆಸಿತು. ಹಿರಿಯರಲ್ಲಿ ಹಲವರು ಇದರಿಂದ ಮುಜುಗರಪಟ್ಟರು. ಮುಚ್ಚಿಟ್ಟು ಬಾಳಿದ್ದನ್ನು ಮಕ್ಕಳು ಬೀದಿಗೆ ತಂದರಲ್ಲ ಎಂಬ ಸಂಕಟ ಅವರದು. ಪಿತೃಗಳನ್ನು ಬೀಳ್ಕೊಡುವ ಈ ಕುಣಿತಕ್ಕೆ ಈಗ ಹೊನೊಲುಲು, ಸಾವೊ ಪಾವ್ಲೊ, ಲಿಮಾ, ಲಾಸ್ ಏಂಜಲೀಸ್‌ಗಳಲ್ಲಿ ತಂಡಗಳಿವೆ. 1990ರಲ್ಲಿ ಓಕಿನಾವಾ ಪ್ರಾಂತವೇ ಮುಂದಾಗಿ ಮೊದಲ ವಿಶ್ವ ಉಚಿನಾಂಚು ಸಮ್ಮೇಳನ ನಡೆಸಿತು. ಐದಾರು ವರ್ಷಕ್ಕೊಮ್ಮೆ ನಡೆಯುವ ಇದರ ಏಳನೆಯದು 2022ರಲ್ಲಿ ಆಯಿತು. ಸರ್ಕಾರ ನಡೆಸುವ ಹಬ್ಬದ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ. ವ್ಯಾಪಾರ, ಪ್ರವಾಸೋದ್ಯಮ ಎಲ್ಲ ಅದರ ಜತೆಗಿವೆ. ಆದರೂ ಅಲ್ಲಿ ನಡೆದ ಒಂದು ಸಂಗತಿ ಹಬ್ಬದ ಯೋಜನೆಯಲ್ಲಿರಲಿಲ್ಲ: ದಕ್ಷಿಣ ಅಮೆರಿಕದಿಂದ ಬಂದ ಕೆಲವು ಮುದುಕರು ಊರವರಿಗಿಂತ ಚೆನ್ನಾಗಿ ಊರ ಭಾಷೆ ಆಡುತ್ತಿದ್ದರು. 2009ರಲ್ಲಿ ಯುನೆಸ್ಕೊ ಅಳಿವಿನಂಚಿನವು ಎಂದು ಗುರುತಿಸಿದ ಆರು ರ್ಯೂಕ್ಯೂ ಭಾಷೆಗಳಲ್ಲಿ ಇದೂ ಒಂದು.

ಹಳತನ್ನು ಹಾಗೆಯೇ ಕಾಪಾಡಿದರು ಎಂದರೆ ಮಾತ್ರ ತಪ್ಪಾಗುತ್ತದೆ. ಬ್ರೆಜಿಲ್‌ನ ಕಾಂಪೊ ಗ್ರಾಂದೆ ನಗರವನ್ನು ನೋಡಿ. ರೈಲುಹಳಿ ಹಾಕಲು ಬಂದ ಓಕಿನಾವಾದವರು ಅಲ್ಲೇ ನಿಂತು ತರಕಾರಿ ಬೆಳೆದರು, ಸಂತೆಯಲ್ಲಿ ಮಾರಿದರು. ಮಾರಾಟದ ನಡುವೆ ಪರದೆಯ ಹಿಂದೆ ಕೂತು ತಮ್ಮ ‘ಸೋಬಾ’ ತಿನ್ನುತ್ತಿದ್ದರಂತೆ. ಗಿರಾಕಿಗಳು ಇಣುಕಿ ಕೇಳತೊಡಗಿದ ಮೇಲೆ ಅದೇ ವ್ಯಾಪಾರವಾಯಿತು ಎಂದು ಊರಿನ ಕಥೆ. ಓಕಿನಾವಾದ ಸೋಬಾ ಗೋಧಿಯ ಶಾವಿಗೆ, ಹಂದಿಮೂಳೆ ಮತ್ತು ಒಣಮೀನಿನ ಸಾರು, ಮೇಲೆ ಬೇಯಿಸಿದ ಹಂದಿಮಾಂಸ. ಕಾಂಪೊ ಗ್ರಾಂದೆಯ ಬಟ್ಟಲಲ್ಲಿ ಸಣ್ಣಗೆ ಹೆಚ್ಚಿದ ಆಮ್ಲೆಟ್ಟು, ರಾಶಿ ಈರುಳ್ಳಿಸೊಪ್ಪು. ದನ ಸಾಕುವ ಸೀಮೆಯಾದ್ದರಿಂದ ಹಂದಿಯ ಜಾಗದಲ್ಲಿ ಎಷ್ಟೋ ಸಲ ದನದ ಮಾಂಸ. 2006ರಲ್ಲಿ ನಗರ ಇದನ್ನು ತನ್ನ ಅಮೂರ್ತ ಪರಂಪರೆಯೆಂದು ಘೋಷಿಸಿತು. ಈ ಬಟ್ಟಲು ಓಕಿನಾವಾದ್ದೋ ಬ್ರೆಜಿಲ್‌ನದೋ ಎಂದು ವಾದಿಸುವವರು ಇದ್ದಾರೆ, ತಿನ್ನುವವರಲ್ಲಿ ಅಲ್ಲ.

ಹಂಬಲಿಸಲು ಆ ರಕ್ತವೇ ಬೇಕೆಂದೂ ಇಲ್ಲ. ದ್ವೀಪದ ಹೆಸರನ್ನು ಜಗತ್ತಿಗೆ ಮುಟ್ಟಿಸಿದ 1992ರ ‘ಶಿಮಾ ಉತಾ’ ಬರೆದ ಮಿಯಾಜಾವಾ ಕಜುಫುಮಿ ಮುಖ್ಯ ಜಪಾನಿನ ಯಾಮಾನಾಶಿಯವನು. ಅದನ್ನು ಅರ್ಜೆಂಟೀನಾದ ಆಲ್ಫ್ರೆದೊ ಕಸೆರೊ ಜಪಾನೀ ಭಾಷೆಯಲ್ಲೇ ಹಾಡಿ ಗೆದ್ದ. ಇನ್ನೊಂದು ಕಡೆ, ಮೂರನೆಯ ತಲೆಮಾರಿನ ಪೆರುವಿಯನ್ ಆಲ್ಬರ್ಟೊ ಶಿರೋಮಾ ಓಕಿನಾವಾಕ್ಕೆ ಮರಳಿ ‘ಡಿಯಾಮಾಂತೆಸ್’ ತಂಡ ಕಟ್ಟಿ, ಸ್ಪ್ಯಾನಿಷ್ ಬೆರೆಸಿ ಹಾಡಿದ. 1990ರಲ್ಲಿ ಜಪಾನ್ ವಲಸಿಗರ ಮೊಮ್ಮಕ್ಕಳಿಗೂ ಕೆಲಸದ ವೀಸಾ ತೆರೆದಾಗ ಇಂಥವರು ಸಾವಿರಗಟ್ಟಲೆ ಬಂದರು. ಯೋಕೊಹಾಮಾದ ತ್ಸುರುಮಿಯಲ್ಲಿ ಓಕಿನಾವಾ ಸಾಮಾನಿನ ಅಂಗಡಿಯ ಪಕ್ಕದಲ್ಲೇ ಬ್ರೆಜಿಲ್, ಬೊಲಿವಿಯಾದ ತಿಂಡಿ ಸಿಗುತ್ತದೆ. ಅಲ್ಲಿ ಕೆಲವರಿಗೆ ತವರಿನ ರುಚಿ ಎಂದರೆ ಸಾವೊ ಪಾವ್ಲೊದ್ದು.

ಬೇರು ಹುಡುಕುವವರಿಗೆ ಈಗ ನಾಹಾದಲ್ಲಿರುವ ಓಕಿನಾವಾ ಪ್ರಾಂತ ಗ್ರಂಥಾಲಯ ನೆರವಾಗುತ್ತದೆ. ಮುತ್ತಜ್ಜನ ಹೆಸರು, ಗೊತ್ತಿದ್ದರೆ ಹಳ್ಳಿ, ಹೊರಟ ವರ್ಷ ಕೊಟ್ಟರೆ ಸಿಬ್ಬಂದಿ ಹುಡುಕಿ ಕೊಡುತ್ತಾರೆ. ಮುಖ್ಯ ದ್ವೀಪದ ಕುಟುಂಬ ನೋಂದಣಿ ಪುಸ್ತಕಗಳಲ್ಲಿ ಬಹುಪಾಲು 1945ರಲ್ಲಿ ಸುಟ್ಟುಹೋದವು. ಪರದೇಶಕ್ಕೆ ಹೋದವರ ರಹದಾರಿ ಪಟ್ಟಿಗಳು ಮಾತ್ರ ಟೋಕಿಯೊದ ವಿದೇಶಾಂಗ ಕಚೇರಿಗೆ ಸಲ್ಲಿಕೆಯಾಗಿದ್ದರಿಂದ ಉಳಿದವು. ಊರಲ್ಲೇ ಉಳಿದು ಸತ್ತ ಅಣ್ಣನ ಹೆಸರಿಗೆ ಆಧಾರ ಸಿಗದಿದ್ದರೂ, 1912ರಲ್ಲಿ ಪೆರುವಿಗೆ ಹೋದ ತಮ್ಮನ ಹಳ್ಳಿ, ವಯಸ್ಸು, ಹೊರಟ ತಿಂಗಳು ಆ ಪಟ್ಟಿಯಲ್ಲಿ ಸಿಗುವ ಸಾಧ್ಯತೆ ಇದೆ. ಓಕಿನಾವಾದ ಸಾಮಾಜಿಕ ಇತಿಹಾಸದ ಮುಂದಿನ ಕೆಲಸ ಈ ಹೊರಹೋದವರ ಕಡತಗಳಿಂದ ಶುರುವಾಗಬೇಕೆಂದು ನನಗನ್ನಿಸುವುದು ಇದಕ್ಕೇ.